ಮಾಮಿ ಫ್ಲಾರೆನ್ಸಿನಲ್ಲಿ ಕತ್ತರಿ ಕೊಂಡದ್ದು

ನನ್ನ ಅತ್ತೆಯನ್ನು ನಾನು ಮಾಮಿ ಎಂದು ಕರೆಯುತ್ತೇನೆ. ತುಳು ಮಾತಾಡುವ ನಮ್ಮ ಮನೆಗಳಲ್ಲಿ ಅದೇ ರೂಢಿ. ಕಾಪುವಿನಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯ ಸುತ್ತ ಅವರು ಸಾಕಿದ ಮಲ್ಲಿಗೆ ಗಿಡಗಳಿವೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ವ್ಯಾಪಾರಿಗಳು ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸುವುದು ಅವರ ನಲವತ್ತು ವರ್ಷಗಳ ಕೆಲಸ. ನಾನು ಮಣಿಪಾಲದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಬಸ್ಸು ಹಿಡಿಯಲು ನಾನು ಓಡುವಾಗ ಅವರು ಜಗಲಿಯಲ್ಲಿ ಕೂತು ಕಟ್ಟುತ್ತಿರುತ್ತಾರೆ. ಒಂದು ತುಂಡು ನನ್ನ ಜಡೆಗೆ ಸಿಕ್ಕಿಸಿಯೇ ಕಳಿಸುತ್ತಾರೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ನಾನು ಹೂ ಕಟ್ಟಲು ಕಲಿತಿರಲಿಲ್ಲ. ಕಲಿಸಿಕೊಡಿ ಎಂದು ಕೇಳಿಯೂ ಇರಲಿಲ್ಲ.

ಮಸ್ಕತ್‌ನಲ್ಲಿರುವ ನನ್ನ ಗಂಡ ಒಂದು ದಿನ ಫೋನಿನಲ್ಲಿ, "ಅಮ್ಮ ಗಿಡ ಬಿಟ್ಟು ಎಲ್ಲಿಗೂ ಹೋದವರಲ್ಲ. ಈ ಸಲ ನೀನೇ ಕರೆದುಕೊಂಡು ಹೋಗು, ದೂರ ಎಲ್ಲಿಗಾದರೂ" ಎಂದರು. ಉಡುಪಿಯ ಟೂರಿನವರೊಬ್ಬರು ಅಡುಗೆಯವರನ್ನೂ ಜೊತೆಗೆ ಕರೆದುಕೊಂಡು ಯುರೋಪಿಗೆ ಹೋಗುತ್ತಿದ್ದರು. ಅನ್ನ ಸಾರು ಸಿಗುತ್ತದೆ ಎಂದದ್ದಕ್ಕೆ ಮಾಮಿ ಒಪ್ಪಿದರು. ಒಂದೇ ಷರತ್ತು. ಮಳೆ ಹಿಡಿದು ಗಿಡದಲ್ಲಿ ಹೂ ಕಡಿಮೆಯಾದ ಮೇಲೆ ಹೊರಡಬೇಕು. ಹಾಗೆ ಜೂನಿನಲ್ಲಿ ಹೊರಟೆವು.

ನಾನು ಒಂದು ತಿಂಗಳು ಮೊದಲೇ ತಯಾರಿ ಶುರು ಮಾಡಿದ್ದೆ. ಇಟಲಿಯ ಫ್ಲಾರೆನ್ಸಿನಲ್ಲಿ ಅರ್ಧ ದಿನ ನಮ್ಮಷ್ಟಕ್ಕೆ ತಿರುಗಲು ಬಿಡುತ್ತಾರೆ ಎಂದು ತಿಳಿದಾಗಿನಿಂದ, ಅಲ್ಲಿ ಎಲ್ಲಿ ಏನು ಕೊಳ್ಳಬೇಕು ಎಂಬ ವಿಡಿಯೊಗಳನ್ನೆಲ್ಲ ಬಸ್ಸಿನಲ್ಲಿ ಕೂತು ನೋಡಿ ಡೈರಿಯಲ್ಲಿ ಬರೆದುಕೊಂಡೆ. ಚರ್ಮದ ಬ್ಯಾಗು ಇಂಥ ಬೀದಿ, ನವಿಲುಗರಿಯಂತೆ ಬಣ್ಣ ಹರಡಿದ ಕಾಗದ ಇಂಥ ಅಂಗಡಿ, ಸೋಪು ಇಂಥಲ್ಲಿ. ಆಫೀಸಿನ ಗೆಳತಿಯರ ಪಟ್ಟಿ ಬೇರೆ. ಕಾರ್ಕಳದಲ್ಲಿರುವ ನನ್ನ ತಂಗಿ ಕಂದು ಬಣ್ಣದ ಚರ್ಮದ ಬ್ಯಾಗು ಬೇಕೆಂದು ಮೂರು ಸಲ ಫೋಟೊ ಕಳಿಸಿದ್ದಳು.

"ನಿಮಗೆ ಎಂತ ಬೇಕು ಮಾಮಿ?" ಎಂದು ಕೇಳಿದೆ.

"ನನಗೆ ಎಂತ ಬೇಡ. ಇರುವುದನ್ನೇ ಇಡಲು ಜಾಗ ಇಲ್ಲ" ಎಂದರು.

ಫ್ಲಾರೆನ್ಸಿಗೆ ಮುಟ್ಟಿದ್ದು ಒಂದು ಗುರುವಾರ ಬೆಳಿಗ್ಗೆ. ಹಸಿರು, ಬಿಳಿ, ತಿಳಿಗೆಂಪು ಕಲ್ಲಿನ ದೊಡ್ಡ ಇಗರ್ಜಿಯ ಎದುರು ನಮ್ಮ ಗುಂಪು ತಲೆಯೆತ್ತಿ ನಿಂತಿತು. ಗೈಡ್ ಗುಮ್ಮಟ ಕಟ್ಟಿದ ಕಥೆ ಹೇಳಿ ಮುಗಿಸಿದ ಮೇಲೆ ಮಾಮಿ ನನ್ನ ಹತ್ತಿರ, "ಇಷ್ಟು ಎತ್ತರವನ್ನು ತೊಳೆಯುವುದು ಹೇಗೆ ಅಂತ ಕೇಳು" ಎಂದರು. ನಾಚಿಕೆಯಾಗಿ ನಾನು ಕೇಳಲಿಲ್ಲ. ನಾನು ಕೇಳಲಿಲ್ಲ ಎಂಬುದು ಅವರಿಗೂ ಗೊತ್ತಾಯಿತು.

ಅಲ್ಲಿಂದ ಟೂರ್ ಮ್ಯಾನೇಜರ್ ನಮ್ಮನ್ನು ಒಂದು ಚರ್ಮದ ಶೋರೂಮಿಗೆ ಕರೆದೊಯ್ದರು. ಅವರು ಉಡುಪಿಯವರೇ, ಐವತ್ತರ ಆಸುಪಾಸಿನ ತಾಳ್ಮೆಯ ಮನುಷ್ಯ. ಶೋರೂಮಿನಲ್ಲಿ ಒಬ್ಬ ಹುಡುಗಿ ಜಾಕೆಟ್ಟಿಗೆ ಲೈಟರಿನ ಬೆಂಕಿ ಹಿಡಿದು, ಸುಡುವುದಿಲ್ಲ ನೋಡಿ ಎಂದು ತೋರಿಸಿದಳು. ತಂಗಿಯ ಫೋಟೊದಲ್ಲಿದ್ದಂಥದೇ ಬ್ಯಾಗು ಕಂಡು ನಾನು ಕೈಗೆತ್ತಿಕೊಂಡೆ. ಮಾಮಿ ಅದನ್ನು ನನ್ನ ಕೈಯಿಂದ ತೆಗೆದು, ಬಾಯಿ ಅಗಲಿಸಿ, ಒಳಗಿನ ಬಟ್ಟೆಯನ್ನು ಹೊರಕ್ಕೆ ಎಳೆದು, ಅಂಚನ್ನು ಉಗುರಿನಲ್ಲಿ ಕೆರೆದು ನೋಡಿದರು.

"ಅಂಟು ಹಾಕಿದ್ದಾರೆ ಮಗಾ. ಮೇಲಿನ ಹೊಲಿಗೆ ಚಂದಕ್ಕೆ ಮಾತ್ರ."

"ಇಲ್ಲಿ ಎಲ್ಲರೂ ತೆಗೆದುಕೊಳ್ಳುತ್ತಿದ್ದಾರಲ್ಲ ಮಾಮಿ."

"ತೆಗೆದುಕೊಳ್ಳಲಿ. ನಾವು ಹೊರಗೆ ಹೋಗುವ. ಪೇಟೆ ಇಷ್ಟೇ ಉಂಟಾ?"

ಮ್ಯಾನೇಜರ್ ಬಾಗಿಲ ತನಕ ಬಂದು, "ನಾಲ್ಕು ಗಂಟೆಗೆ ಹೊಳೆ ಬದಿಯಲ್ಲಿ ಬಸ್ಸು ಅಮ್ಮ. ದಾರಿ ತಪ್ಪಿದರೆ ಫೋನ್ ಮಾಡಿ" ಎಂದು ನಂಬರ್ ಮತ್ತೊಮ್ಮೆ ಬರೆಸಿದರು.

ಹೊರಗೆ ಬಂದ ಮೇಲೆ ನನಗೆ ಸಿಟ್ಟಿತ್ತು. ನಾನು ಡೈರಿ ತೆರೆದು ಕಾಗದದ ಅಂಗಡಿಯ ದಾರಿ ಹುಡುಕುತ್ತಿದ್ದಾಗ ಮಾಮಿ ಬೀದಿಯ ತಿರುವಿನಲ್ಲಿ ನಿಂತುಬಿಟ್ಟರು.

"ಮಲ್ಲಿಗೆ" ಎಂದರು.

ನನ್ನ ಮೂಗಿಗೆ ಕಾಫಿಯ ಘಮವಷ್ಟೇ ಬರುತ್ತಿತ್ತು. "ಯಾರೋ ಸೆಂಟು ಹಾಕಿರಬೇಕು ಮಾಮಿ" ಎಂದೆ. ಅವರು ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಸ್ಪೋರ್ಟ್ಸ್ ಶೂ ಹಾಕಿದ ಕಾಲಲ್ಲಿ ಸರಸರನೆ ನಡೆದರು. ನಾನು ಹಿಂದೆಯೇ ಓಡಿದೆ. ಎರಡು ತಿರುವು ದಾಟಿದರೆ ಎತ್ತರದ ಕಂಬಗಳ ಸಾಲು, ಅದರ ನೆರಳಿನ ಉದ್ದಕ್ಕೂ ಹೂಗಿಡಗಳ ಸಂತೆ. ಗುರುವಾರಕ್ಕೊಮ್ಮೆ ಅಲ್ಲಿ ಗಿಡ ಮಾರುತ್ತಾರಂತೆ. ಅದು ನಾನು ನೋಡಿದ ಯಾವ ವಿಡಿಯೊದಲ್ಲಿಯೂ ಇರಲಿಲ್ಲ.

ಮಾಮಿ ಗುಲಾಬಿ, ನಿಂಬೆ, ತುಳಸಿಯಂಥ ಯಾವುದೋ ಸೊಪ್ಪು ಎಲ್ಲವನ್ನೂ ದಾಟಿ ನಾಲ್ಕನೆಯ ಅಂಗಡಿಯ ಎದುರು ಬಗ್ಗಿದರು. ಮಣ್ಣಿನ ಕುಂಡದಲ್ಲಿ ಮೊಣಕಾಲೆತ್ತರದ ಗಿಡ. ಸಣ್ಣ ಗುಲಾಬಿಯ ಹಾಗೆ ಎಸಳು ತುಂಬಿದ ಬಿಳಿ ಹೂ ನಾಲ್ಕಾರು. ಎಲೆಯನ್ನು ತಿರುಗಿಸಿ ನೋಡಿದರು, ಮೊಗ್ಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ನಮ್ಮದೇ ಜಾತಿ. ದಪ್ಪ ಜಾಸ್ತಿ ಅಷ್ಟೇ. ಇವಳಿಗೆ ಕೇಳು, ಇದಕ್ಕೆ ಎಂತ ಹೇಳುತ್ತಾರೆ ಅಂತ."

ಅಂಗಡಿಯ ಹೆಂಗಸು ಹಸಿರು ಏಪ್ರನ್ ಕಟ್ಟಿಕೊಂಡಿದ್ದಳು. ಗಿಡ್ಡ ಕೂದಲು, ಉಗುರಿನಲ್ಲಿ ಮಣ್ಣು, ನನಗಿಂತ ಸ್ವಲ್ಪ ದೊಡ್ಡವಳಿರಬೇಕು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷಿನಷ್ಟೇ ಇತ್ತು. "ಮುಗೆರಿನೊ" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಮಾಮಿ, "ಮೊಗ್ರೆಯಾ?" ಎಂದರು. ನಮ್ಮ ಆಚೆ ಮನೆಯ ಕೊಂಕಣಿಯವರು ಮಲ್ಲಿಗೆಗೆ ಹೇಳುವುದು ಹಾಗೆಯೇ. ಅವಳು ಹೌದೆಂದು ತಲೆ ಅಲ್ಲಾಡಿಸಿ, ಯಾವುದೋ ಕಾಲದಲ್ಲಿ ಇಲ್ಲಿನ ದೊರೆಯ ತೋಟಕ್ಕೆ ಗೋವಾದಿಂದ ಬಂದ ಗಿಡವಂತೆ ಇದು, ಅಲ್ಲಿಯ ಹೆಸರೇ ಸ್ವಲ್ಪ ತಿರುಗಿ ಹೀಗಾಗಿದೆಯಂತೆ ಎಂದಳು. ನಾನು ಅದನ್ನು ತುಳುವಿನಲ್ಲಿ ಹೇಳಿದಾಗ ಮಾಮಿ ಸಂಬಂಧಿಕರು ಸಿಕ್ಕವರ ಹಾಗೆ ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕೂತೇಬಿಟ್ಟರು.

ಆಮೇಲೆ ಅವರು ಆ ಹೆಂಗಸಿನ ಜೊತೆ ನೇರವಾಗಿ ಕನ್ನಡದಲ್ಲಿ ಮಾತಾಡತೊಡಗಿದರು. ಮನೆಯವರ ಜೊತೆ ತುಳು, ಹೊರಗಿನವರ ಜೊತೆ ಕನ್ನಡ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಟ್ಟೆಗೆ ಬರುವ ವ್ಯಾಪಾರಿಯ ಎದುರು ಅವರು ಪಾಲಿಸಿಕೊಂಡು ಬಂದ ನಿಯಮ ಅದು. ಇವಳೂ ಹೊರಗಿನವಳೇ ಅಲ್ವಾ. "ನೀವು ಇದಕ್ಕೆ ನೀರು ಜಾಸ್ತಿ ಹಾಕುತ್ತೀರಿ, ಎಲೆ ಹಳದಿಯಾಗಿದೆ. ಮತ್ತೆ ಈ ಗೆಲ್ಲು ಇಲ್ಲಿಗೆ ಕತ್ತರಿಸಬೇಕು. ಚಿಗುರು ಬಂದರೆ ಮಾತ್ರ ಹೂ ಬರುವುದು" ಎಂದು ಸ್ಪಷ್ಟವಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು. ಆಚೀಚೆಯವರು ನೋಡುತ್ತಿದ್ದರು. ನನಗೆ ಅಲ್ಲಿಂದ ಮಾಯವಾಗಬೇಕು ಅನಿಸಿತು. ನಾನು ಡೈರಿಯ ಹಾಳೆ ತಿರುವಿದೆ.

ಆದರೆ ಆ ಹೆಂಗಸು ನಗಲಿಲ್ಲ. ಮಾಮಿಯ ಬೆರಳು ತೋರಿಸಿದ ಗೆಲ್ಲನ್ನು ನೋಡಿ, ಏಪ್ರನ್ನಿನ ಜೇಬಿನಿಂದ ಕತ್ತರಿ ತೆಗೆದು ಅವರ ಕೈಗೆ ಕೊಟ್ಟಳು. ಮಾಮಿ ಓರೆಯಾಗಿ ಹಿಡಿದು ಒಮ್ಮೆಗೇ ಕತ್ತರಿಸಿದರು. ಆಮೇಲೆ ಕತ್ತರಿಯನ್ನೇ ನೋಡುತ್ತಾ ಉಳಿದರು. ಎರಡು ಸಲ ಬಿಚ್ಚಿ ಮುಚ್ಚಿದರು.

"ಬೆಣ್ಣೆಗೆ ಹಾಕಿದ ಹಾಗೆ ಹೋಯಿತು ನೋಡು. ಕೈಗೆ ನೋವೇ ಇಲ್ಲ. ನನಗೆ ಇಂಥದು ಬೇಕು."

ಮಾಮಿಯ ಬಲಗೈಯ ಹೆಬ್ಬೆರಳು ಮಳೆಗಾಲದಲ್ಲಿ ಊದಿಕೊಳ್ಳುತ್ತದೆ. ಅದು ನಮ್ಮ ಮನೆಯ ಹಳೆಯ ಕತ್ತರಿಯಿಂದ ಬಂದದ್ದು ಎಂದು ನನಗೆ ಆವತ್ತು ಹೊಳೆಯಿತು.

ಕುಂಡದ ಕೆಳಗೆ ನಾಲ್ಕು ಹೂ ಉದುರಿತ್ತು. ಗಿಡದಲ್ಲಿಯೂ ಬಾಡುವ ಹಂತದ ಒಂದೆರಡಿದ್ದವು. ಮಾಮಿ ಅವನ್ನು ಕೊಯ್ಯಲೇ ಎಂದು ಕೈಯಲ್ಲೇ ಕೇಳಿದರು. ಗಿಡಗಳನ್ನು ಕೋಲಿಗೆ ಬಿಗಿಯಲು ಅವಳ ಹತ್ತಿರ ಒಣ ನಾರಿನ ಒಂದು ಸಿವುಡು ಇತ್ತು. ಅದರಿಂದ ಒಂದು ಎಳೆ ಕಿತ್ತು, ಬಾಟಲಿಯ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಮಾಮಿ ಕಟ್ಟಲು ಕೂತರು. ಎರಡು ಹೂ ಈಚೆಗೆ, ಎರಡು ಆಚೆಗೆ, ನಾರು ಸುತ್ತು ಬಂದು ಗಂಟು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಯಿತು. ಎದ್ದು ನಿಂತು ಅವಳ ಗಿಡ್ಡ ಕೂದಲನ್ನು ನೋಡಿದರು, ಅಲ್ಲಿ ಸಿಕ್ಕಿಸಲು ಜಾಗವಿಲ್ಲ. ತಮ್ಮ ಸೆರಗಿನ ಪಿನ್ನು ತೆಗೆದು ಏಪ್ರನ್ನಿನ ಪಟ್ಟಿಗೆ ಚುಚ್ಚಿದರು.

ಅವಳು ಮೂಗು ತಗ್ಗಿಸಿ ಮೂಸಿ, ಪಕ್ಕದ ಅಂಗಡಿಯವಳನ್ನು ಕೂಗಿ ಕರೆದಳು. ಇನ್ನೊಮ್ಮೆ ತೋರಿಸಿ ಎಂದಳು. ಬಿಳಿ ಹೂ ಮುಗಿದಿತ್ತು, ಬೇರೆ ಯಾವುದೋ ನೀಲಿ ಹೂ ಬಂತು. ಮಾಮಿ ನಿಧಾನವಾಗಿ ಕಟ್ಟಿ ತೋರಿಸಿದರು. ಅವಳ ಬೆರಳು ಮೂರನೆಯ ಸಲಕ್ಕೆ ಸರಿಯಾಗಿ ತಿರುಗಿತು. ಮಾಮಿ ನನ್ನ ಕಡೆ ನೋಡಿ, "ನೀನೂ ನೋಡು ಮಗಾ, ಸುಮ್ಮನೆ ನಿಂತದ್ದು ಹೇಗೂ" ಎಂದರು. ಅದರಲ್ಲಿ ದೂರು ಇರಲಿಲ್ಲ. ನಾನು ಡೈರಿಯನ್ನು ಬ್ಯಾಗಿಗೆ ಹಾಕಿ ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ಕೂತೆ. ಕಾಪುವಿನಲ್ಲಿ ಹನ್ನೆರಡು ವರ್ಷ ಮಾಡದ ಕೆಲಸವನ್ನು ಫ್ಲಾರೆನ್ಸಿನ ಕಂಬದ ಕೆಳಗೆ ಕೂತು ಮಾಡಿದೆ. ನನ್ನ ಗಂಟು ಮೂರು ಸಲವೂ ಬಿಚ್ಚಿಹೋಯಿತು.

ನಿಜವಾಗಿ ಎಲ್ಲಿ ಕೊಳ್ಳಬೇಕು ಎಂದು ನಮಗೆ ಹೇಳಿದವಳು ಅವಳೇ. ಗಿಡಕ್ಕೆ ಸಿಕ್ಕಿಸುವ ಬೆಲೆಚೀಟಿಯ ಹಿಂದೆ ಪೆನ್ಸಿಲಿನಲ್ಲಿ ನಕ್ಷೆ ಬರೆದುಕೊಟ್ಟಳು. ಚರ್ಮಕ್ಕೆ ಇಗರ್ಜಿಯ ಸುತ್ತಮುತ್ತ ಹೋಗಬೇಡಿ, ಹೊಳೆ ದಾಟಿ. ಒಳಗೆ ಯಾರಾದರೂ ಕೂತು ಹೊಲಿಯುತ್ತಿರುವುದು ಕಾಣುವ ಅಂಗಡಿಗೆ ಮಾತ್ರ ಹೋಗಿ. ಕತ್ತರಿಗೆ ಇಲ್ಲೇ ಎರಡು ಗಲ್ಲಿ ಆಚೆ. ಮಧ್ಯಾಹ್ನ ಒಂದಕ್ಕೆ ಮುಚ್ಚುತ್ತಾರೆ, ಬೇಗ ಹೋಗಿ. ಮಾಮಿಗೆ ಆ ಗಿಡವೇ ಬೇಕಿತ್ತು. ವಿಮಾನದಲ್ಲಿ ಗಿಡ ಒಯ್ಯಲು ಬಿಡುವುದಿಲ್ಲ ಎಂದು ನಾನು ಹೇಳಿದಾಗ ಕುಂಡವನ್ನು ಒಮ್ಮೆ ಮುಟ್ಟಿ ಎದ್ದರು. ಅವಳೂ ನಾನೂ ಫೋನ್ ನಂಬರ್ ಕೊಟ್ಟುಕೊಂಡೆವು.

ಕತ್ತರಿಯ ಅಂಗಡಿಯಲ್ಲಿ ಒಬ್ಬ ಮುದುಕ ಕಪಾಟಿನಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟ. ಮೊದಲಿನ ಮೂರೂ ಮಾಮಿಯ ಸಣ್ಣ ಅಂಗೈಗೆ ದೊಡ್ಡದು. ಅವನು ಅವರ ಕೈಯನ್ನು ನೋಡಿ ಒಳಗೆ ಹೋಗಿ ಇನ್ನೊಂದು ತಂದ. ಕೆಂಪು ಹಿಡಿ, ಮೊನೆ ಸ್ವಲ್ಪ ಬಾಗಿದ್ದು. ಅದು ಸರಿಯಾಯಿತು. ಮಾಮಿ, "ಸ್ವಲ್ಪ ಕಡಿಮೆ ಮಾಡಿ, ನಾವು ದೂರದಿಂದ ಬಂದವರು" ಎಂದರು, ಕನ್ನಡದಲ್ಲಿಯೇ. ಅವನಿಗೆ ಅರ್ಥವಾಯಿತು. ಬೆಲೆ ಇಳಿಸಲಿಲ್ಲ, ಸಾಣೆ ಹಿಡಿಯುವ ಸಣ್ಣ ಕಲ್ಲೊಂದನ್ನು ಪೊಟ್ಟಣದೊಳಗೆ ಹಾಕಿದ. ಇಬ್ಬರೂ ಗೆದ್ದವರ ಹಾಗೆ ನಕ್ಕರು.

ಸೇತುವೆ ದಾಟಿ ಹೋಗುವಾಗ ಗಂಟೆ ಎರಡಾಗುತ್ತಾ ಬಂದಿತ್ತು. ಚೀಟಿಯಲ್ಲಿದ್ದ ಬ್ಯಾಗಿನ ಅಂಗಡಿ ಮುಚ್ಚಿತ್ತು, ಮೂರೂವರೆಗೆ ತೆರೆಯುತ್ತದೆ ಎಂದು ಬಾಗಿಲಿಗೆ ಬರೆದು ಹಾಕಿದ್ದರು. ನಾಲ್ಕಕ್ಕೆ ಬಸ್ಸು. "ಕಾಯುವ" ಎಂದರು ಮಾಮಿ. ಎದುರಿನ ಮೆಟ್ಟಿಲಲ್ಲಿ ಕೂತು ಅಡುಗೆಯವರು ಕಟ್ಟಿಕೊಟ್ಟ ಚಿತ್ರಾನ್ನ ತಿಂದೆವು. ಮಾಮಿ ಗೋಡೆಗೆ ಒರಗಿ ಒಂದು ನಿದ್ದೆಯನ್ನೂ ತೆಗೆದರು.

ಬಾಗಿಲು ತೆರೆದವರು ಗಂಡ ಹೆಂಡತಿ. ಮೂಲೆಯ ಮೇಜಿನಲ್ಲಿ ಹೆಂಡತಿ ಎರಡು ಸೂಜಿಯಲ್ಲಿ ಒಂದೇ ದಾರ ಎಳೆದು ಹೊಲಿಯಲು ಕೂತಳು. ಮಾಮಿ ನನಗಿಂತ ಮೊದಲು ಒಳಗೆ ಹೋಗಿ ಒಂದು ಕಂದು ಬ್ಯಾಗಿನ ಬಾಯಿ ಅಗಲಿಸಿ, ಒಳಗಿನ ಹೊಲಿಗೆ ನೋಡಿ, ನನ್ನ ಕೈಗೆ ಕೊಟ್ಟರು. ಅದನ್ನೇ ತೆಗೆದುಕೊಂಡೆ. ಬಣ್ಣದ ಕಾಗದ, ಸೋಪು, ಗೆಳತಿಯರ ಪಟ್ಟಿ ಎಲ್ಲ ಹಾಗೆಯೇ ಉಳಿಯಿತು.

ಹೊಳೆ ಬದಿಗೆ ಓಡಿ ಮುಟ್ಟುವಾಗ ನಾಲ್ಕು ಇಪ್ಪತ್ತು. ಬಸ್ಸಿನಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

"ಇಪ್ಪತ್ತು ನಿಮಿಷ ಅಮ್ಮ" ಎಂದರು ಮ್ಯಾನೇಜರ್.

"ನಮ್ಮ ಉಡುಪಿ ಬಸ್ಸಿನವರಾದರೆ ಬಿಟ್ಟೇ ಹೋಗುತ್ತಿದ್ದರು. ನೀವು ಒಳ್ಳೆಯವರು ಮಾರಾಯ್ರೆ" ಎಂದು ಮಾಮಿ ಹತ್ತಿ ಕೂತರು. ಮ್ಯಾನೇಜರಿಗೆ ನಗು ಬಂತು. ಆಮೇಲೆ ಬೈಯಲು ಅವರಿಂದ ಆಗಲಿಲ್ಲ.

ಊರಿಗೆ ಬಂದು ತಿಂಗಳಾಗಿರಬೇಕು. ಒಂದು ಭಾನುವಾರ ನನ್ನ ಫೋನಿಗೆ ಫ್ಲಾರೆನ್ಸಿನಿಂದ ಫೋಟೊ ಬಂತು. ಆ ಹೆಂಗಸಿನ ಅಂಗೈ, ಅದರಲ್ಲಿ ಗೇಣುದ್ದದ ಮುಗೆರಿನೊ ಮಾಲೆ. ನಾನು ತೋಟಕ್ಕೆ ಓಡಿ ಮಾಮಿಗೆ ತೋರಿಸಿದೆ. ಮಳೆ ಬಿಟ್ಟ ಹೊತ್ತು ನೋಡಿ ಅವರು ಕೆಂಪು ಹಿಡಿಯ ಕತ್ತರಿಯಿಂದ ಒಣಗಿದ ಗೆಲ್ಲು ತೆಗೆಯುತ್ತಿದ್ದರು. ಕೈ ಒರಸಿಕೊಂಡು, ಫೋಟೊವನ್ನು ಬೆರಳಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಸಾಲು ಚಂದ ಬಂದಿದೆ. ಆದರೆ ಗಂಟು ಸಡಿಲ ಉಂಟು. ಸಂಜೆಯೊಳಗೆ ಹೂ ಉದುರುತ್ತದೆ."

"ಹಾಗೇ ಬರೆಯಲಾ?"

"ಬರೆದರೆ ಗೊತ್ತಾಗುವುದಿಲ್ಲ. ಸ್ವಲ್ಪ ನಾರು ತೆಗೆದುಕೊಂಡು ಬಾ. ನಾನು ಕಟ್ಟುತ್ತೇನೆ, ನೀನು ವಿಡಿಯೊ ಮಾಡು. ಕೈ ಅಲ್ಲಾಡಿಸಬೇಡ."

ಜಗಲಿಯಲ್ಲಿ ಕೂತು ಅವರು ನಿಧಾನವಾಗಿ ಕಟ್ಟಿದರು, ನಡುನಡುವೆ ಕ್ಯಾಮೆರಾದ ಕಡೆ ನೋಡಿ ಕನ್ನಡದಲ್ಲಿ ವಿವರಿಸಿದರು. ಕಳಿಸಿದ ಐದು ನಿಮಿಷಕ್ಕೆ ಅಲ್ಲಿಂದ ಇಟಾಲಿಯನ್ನಿನಲ್ಲಿ ಉದ್ದದ ಒಂದು ವಾಯ್ಸ್ ಮೆಸೇಜ್ ಬಂತು. ಮಾಮಿ ಅದನ್ನು ಎರಡು ಸಲ ಕೇಳಿ, "ಸರಿ, ಅವಳಿಗೆ ಗೊತ್ತಾಯಿತು" ಎಂದು ಪುನಃ ತೋಟಕ್ಕೆ ಹೋದರು.