ಮೀಟರಿಗೆ ಅಂಜಿ ಕೊಟ್ಟಿಗೆ ಸೇರಿದ ಬಾಣಂತಿ

ಆಗ ನನಗೆ ನಲವತ್ತೆರಡು. ಮೂವತ್ತೈದು ವರ್ಷದ ಹಿಂದಿನ ಮಾತು. ಸರಸಂಬಾ ಊರಿನ ನಮ್ಮ ಮನೆಗೆ ಹೊಸದಾಗಿ ಕರೆಂಟು ಬಂದಿತ್ತು. ಮೀಟರನ್ನು ಒಳಕೋಣೆಯ ಗೋಡೆಗೆ ಬಡಿದಿದ್ದರು. ಅದೇ ಕೋಣೆಯಲ್ಲಿ ಮಗಳು ಬಾಣಂತಿಯಾಗಿ ಮಲಗಿದ್ದಳು. ರೇಡಿಯೊವನ್ನು ಆ ಗೋಡೆಯ ಹತ್ತಿರ ತಂದರೆ ಗರ್ರೆನ್ನುತ್ತಿತ್ತು, ದೂರ ಒಯ್ದರೆ ಸುಮ್ಮನಾಗುತ್ತಿತ್ತು. ಮೀಟರಿನಿಂದ ಕಣ್ಣಿಗೆ ಕಾಣದ್ದು ಏನೋ ಬಂದು ಕೂಸಿನ ಎಳೆಯ ನೆತ್ತಿಗೆ ಬಡಿಯುತ್ತಿದೆ ಎಂದು ನನಗೆ ದಿಗಿಲು.

ಮೀಟರ್ ನೋಡಲು ಬಂದವನನ್ನು ಕೇಳಿದೆ: “ಇದರಿಂದ ಏನೋ ಹೊರಗ ಬಂದು ರೇಡಿಯೊ ಒದರತೈತಿ. ಅದು ಎಷ್ಟು ಬರಬೇಕು ಅಂತ ಸರಕಾರದ ಕಾಯ್ದಾ ಇಲ್ಲೇನಪಾ?”

“ಸೀಲ್ ಮುರದ್ರ ಕಾಯ್ದಾ ಐತಿ ನೋಡಬೇ ಯವ್ವಾ. ರೇಡಿಯೊ ಒದರಿದ್ರ ಯಾವ ಕಾಯ್ದಾನೂ ನಾ ಕೇಳಿಲ್ಲ,” ಎಂದು ನಕ್ಕು ಹೋದ.

ನಮ್ಮಿಂದ ಮೀಟರನ್ನು ಕಾಯಲು ಕಾಯ್ದೆಯಿದೆ, ಮೀಟರಿನಿಂದ ನಮ್ಮನ್ನು ಕಾಯಲು ಇಲ್ಲ. ಸಿಟ್ಟಿನಲ್ಲಿ ಬಾಣಂತಿ ಮಲಗಿದ್ದ ಹೊರಸನ್ನು ದನದ ಕೊಟ್ಟಿಗೆಗೆ ಹೊರಿಸಿದೆ.

ಒಂದೆರಡು ದಿನಕ್ಕೆ ಖಜೂರಿಯಿಂದ ಬೀಗತಿ, ಮಗಳ ಅತ್ತೆ, ಕೂಸಿಗೆ ಕುಂಚಿಗೆ ಹೊಲಿಸಿಕೊಂಡು ಬಂದಳು. ಎಮ್ಮೆಯ ಪಕ್ಕ ಸೊಸೆ, ಕೂಸಿನ ಮುಖದ ತುಂಬ ಸೊಳ್ಳೆ ಕಡಿದ ಗುರುತು. ಬಾಗಿಲಲ್ಲೇ ನಿಂತಳು.

“ಮನ್ಯಾಗ ಜಾಗಾ ಇಲ್ಲಂದ್ರ ಹೇಳಿ ಕಳಸಬೇಕಿತ್ತಲ್ರಿ ಬೀಗತ್ಯಾರ, ಕರಕೊಂಡು ಹೋಗತಿದ್ವಿ. ಎಮ್ಮಿ ಮಾತ್ರ ಚಲೋ ಸಾಕೀರಿ ಬಿಡ್ರಿ.”

ನಾನು ಮೀಟರಿನ ಮಾತು ಎತ್ತದೆ ಸೆರಗಿನಿಂದ ಕೂಸಿನ ಮೇಲಿನ ಸೊಳ್ಳೆ ಓಡಿಸತೊಡಗಿದೆ. ಮಗಳು ಆಚೆ ಮುಖ ಮಾಡಿದಳು. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಮುಖ ಸುಡುತ್ತದೆ.

ಮರುದಿನ ಮುಂಜಾನೆ ಹೊರಸನ್ನು ಒಳಕೋಣೆಗೆ ತರಿಸಿ, ಕೂಸಿನ ತಲೆ ಮೀಟರಿನಿಂದ ದೂರ ಬರುವಂತೆ ತಿರುಗಿಸಿ ಹಾಕಿದೆ. ದಿಗಿಲು ಹುಟ್ಟಿಸಿದ ಆ ರೇಡಿಯೊವನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದೆ.