ಎರಡು ಜಾತಿಯ ಕೆಡು, ಒಂದು ಹಿಡಿಸೂಡಿ

ನನ್ನ ಹೆಂಡತಿ ತೀರಿಕೊಂಡಾಗ ನಮ್ಮ ದನದ ಮೊಲೆತೊಟ್ಟುಗಳಲ್ಲಿ ಕೆಡು ಇತ್ತು. ಪೇಟೆಯವರು ಅದನ್ನು ನರಹುಲಿ ಎನ್ನುತ್ತಾರೆ. ದುಃಖ ವಿಚಾರಿಸಲು ಬಂದವರು ನನ್ನ ಹತ್ತಿರ ಸ್ವಲ್ಪ ಹೊತ್ತು ಕುಳಿತು, ಆಮೇಲೆ ದನದ ಹಟ್ಟಿಗೂ ಹೋಗಿ ನೋಡಿ, "ಛೆ, ಪಾಪ" ಎನ್ನುತ್ತಿದ್ದರು. ಆ ಪಾಪ ಯಾರಿಗೆಂದು ನಾನು ಕೇಳಲಿಲ್ಲ.

ಮನುಷ್ಯರಿಗಾಗಲಿ ದನಕ್ಕಾಗಲಿ ಕೆಡು ಎದ್ದರೆ ದೈವಸ್ಥಾನಕ್ಕೆ ಹಿಡಿಸೂಡಿಯ ಹರಕೆ ಹೇಳುವುದು ನಮ್ಮ ಕಡೆಯ ಕ್ರಮ. ತೆಂಗಿನ ಗರಿಯ ಕಡ್ಡಿ ಕೀಸಿ ಹೊಸದಾಗಿ ಕಟ್ಟಿದ ಪೊರಕೆ ಅದು. ಕೆಡು ಹೋದ ಮೇಲೆ ಒಪ್ಪಿಸಬೇಕು. ನನ್ನ ಹೆಂಡತಿ ಹರಕೆ ಹೇಳುವಾಗ ಮೂಡುಬಿದಿರೆಯಿಂದ ಬಂದಿದ್ದ ನನ್ನ ಅಕ್ಕನೂ ಅಲ್ಲಿದ್ದಳು. "ದನದ ಕೆಡು ಹೋಗಲಿ, ಒಂದು ಹಿಡಿಸೂಡಿ ಒಪ್ಪಿಸ್ತೇನೆ" ಎಂದು ಹೆಂಡತಿ ಹಟ್ಟಿಯಲ್ಲೇ ನಿಂತು ಹೇಳಿದ್ದಳು. ಹಿಡಿಸೂಡಿಯನ್ನೂ ಕಟ್ಟಿಟ್ಟಳು. ಕೆಡು ಹೋಗುವ ಮೊದಲು ಅವಳೇ ಹೋದಳು.

ನಾನು ಗುರುವಾಯನಕೆರೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ದರ್ಜಿ. ಅಳತೆಗೆ ನಿಂತ ಮಕ್ಕಳು ಅಲ್ಲಾಡಿದರೆ ಒಮ್ಮೆ ಗದರಿದರೆ ಸಾಕು. ಹಾಲು ಕರೆಯುವಾಗ ದನಕ್ಕೆ ಗದರಿದರೆ ಅದು ತಿರುಗಿ ಗದರುತ್ತದೆ, ಕಾಲಿನಲ್ಲಿ. ಹೆಂಡತಿಯ ಉತ್ತರಕ್ರಿಯೆ, ನಮ್ಮ ಕಡೆಯ ಬೊಜ್ಜ, ಮುಗಿಯುವಷ್ಟರಲ್ಲಿ ನನ್ನ ಮೊಣಕಾಲು ಕುಂಬಳಕಾಯಿಯಂತಾಗಿತ್ತು. ಅಕ್ಕ ಅದನ್ನು ನೋಡಿ ತೀರ್ಮಾನ ಹೇಳಿದಳು.

"ಪೊಳಲಿಯಲ್ಲಿ ನನ್ನ ಮೈದುನನ ಮನೆ ಉಂಟು. ಅವರಿಗೆ ಕೊಡುವ. ನಿನ್ನಿಂದ ಆಗುವ ಕೆಲಸ ಅಲ್ಲ ಮಾರಾಯ ಇದು."

"ಕೆಡು ಇರುವ ದನ ಅವರಿಗೆ ಬೇಕಾ?"

"ಕೆಡು ಹೋದ ಮೇಲೆ. ಹರಕೆ ಬಾಕಿ ಇಟ್ಟುಕೊಂಡು ದನ ಮನೆ ದಾಟುವ ಹಾಗೂ ಇಲ್ಲ. ಹೋದ ಮರುದಿನ ಹಿಡಿಸೂಡಿ ಒಪ್ಪಿಸು, ನಾನು ಪಿಕಪ್ ತರಿಸ್ತೇನೆ."

ನಾನು ಹೂಂ ಎಂದೆ. ಆ ಮನೆಯಲ್ಲಿ ಹೆಂಡತಿಯ ಕೈಯ ಗುರುತು ಹಿಡಿಯುತ್ತಿದ್ದ ಜೀವವೆಂದರೆ ನಾನು ಮತ್ತು ಆ ದನ. ದನವೂ ಹೋದರೆ ನಾನೊಬ್ಬನೇ ಉಳಿಯುತ್ತಿದ್ದೆ. ಇದನ್ನು ಅಕ್ಕನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಹಾಲಿನ ಸೊಸೈಟಿಯವರು ಹೇಳಿದ್ದರಿಂದ ಒಬ್ಬರು ದನದ ಡಾಕ್ಟರಮ್ಮ ಬಂದರು. ಮಂಡ್ಯ ಕಡೆಯವರು, ಕೆಡುವಿನ ಬಗ್ಗೆಯೇ ಓದುತ್ತಿದ್ದವರು. ದನ ಅವರಿಗೆ ಒಂದೂ ಒದೆ ಕೊಡಲಿಲ್ಲ. ಅಕ್ಕ ತುಳು ಬಿಟ್ಟು ತನ್ನ ಶಾಲೆಯ ಕನ್ನಡವನ್ನೆಲ್ಲ ಹೊರತೆಗೆದಳು.

"ನಾವು ಹರಕೆ ಹೇಳಿ ಆಗಿದೆ ಡಾಕ್ಟ್ರೇ. ನೀವು ಇನ್ನು ನಿಮ್ಮದನ್ನು ಮಾಡಬಹುದು."

"ಆಯ್ತಮ್ಮ. ಇದು ಪ್ಯಾಪಿಲೋಮಾ ಅನ್ನೋ ವೈರಸ್. ಅದರಲ್ಲಿ ಬೇಕಾದಷ್ಟು ಜಾತಿ ಇದಾವೆ. ನೋಡಿ, ಇಲ್ಲಿ ಹೂಕೋಸಿನ ಥರ ಜೋತಾಡ್ತಿದೆ, ಎಳೆದರೆ ನೋವು. ಇಲ್ಲಿ ಅಕ್ಕಿಕಾಳಿನ ಥರ ಅಂಟಿಕೊಂಡಿದೆ, ಇದು ಅಷ್ಟು ನೋಯಲ್ಲ. ಎರಡೂ ಬೇರೆ ಬೇರೆ ಇರಬಹುದು. ಜೀನ್ ಪರೀಕ್ಷೆ ಮಾಡಿದ್ರೆ ಗೊತ್ತಾಗತ್ತೆ."

"ಒಂದೇ ದನದಲ್ಲಿ ಎರಡು ಜಾತಿಯಾ?"

"ಒಂದೇ ತೊಟ್ಟಿನಲ್ಲೂ ಇರಬಹುದು."

"ನಮ್ಮ ಲೈನ್ ಮನೆಗಳ ಹಾಗೆ, ಒಂದೇ ಸಾಲಲ್ಲಿ ಎಲ್ಲ ಜಾತಿ" ಎಂದಳು ಅಕ್ಕ. ಸ್ವಲ್ಪ ಯೋಚಿಸಿ, "ಹಾಗಾದರೆ ಹಿಡಿಸೂಡಿ ಒಂದು ಸಾಕಾ, ಎರಡು ಬೇಕಾ?" ಎಂದು ಕೇಳಿದಳು.

"ಅದು ನಮ್ಮ ಸಿಲೆಬಸ್‌ನಲ್ಲಿ ಇರಲಿಲ್ಲಮ್ಮ."

ಅವರು ಎರಡು ತರದ್ದನ್ನೂ ಚೂರು ಚೂರು ತೆಗೆದು ಪುಟ್ಟ ಬಾಟಲಿಗಳಿಗೆ ಹಾಕಿಕೊಂಡರು. ಕರೆದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಕೆಚ್ಚಲು ಒರೆಸಿದ ಬಟ್ಟೆಯನ್ನು ಕರುವಿಗೆ ತಾಗಿಸಬೇಡಿ, ಕೆಡು ತಾನಾಗಿಯೇ ಹೋಗುತ್ತದೆ, ಆದರೆ ಅಕ್ಕಿಕಾಳಿನದ್ದು ಹಠಮಾರಿ ಎಂದರು. ಕೆಲವು ವಾರಗಳ ಮೇಲೆ ಫೋನ್ ಮಾಡಿ, "ನಾನು ಅಂದ್ಕೊಂಡ ಹಾಗೇ ಸಾರ್, ಎರಡೂ ಬೇರೆ ಬೇರೆ" ಎಂದರು. ದನಿಯಲ್ಲಿ ಮಗಳಿಗೆ ರ್‍ಯಾಂಕ್ ಬಂದ ಸಂಭ್ರಮವಿತ್ತು.

ಅಷ್ಟರಲ್ಲಿ ಹೂಕೋಸಿನಂಥದ್ದು ಒಣಗಿ ಉದುರತೊಡಗಿತ್ತು. ಅದು ಪೂರ್ತಿ ಹೋದಾಗ ದನಕ್ಕಿಂತ ಹೆಚ್ಚು ಸಂತೋಷಪಟ್ಟವಳು ಅಕ್ಕ. ಪಿಕಪ್ಪಿನವನಿಗೆ ಹೇಳಿಯೇ ಬಸ್ಸು ಹತ್ತಿ ಬಂದಳು.

"ಕೆಡು ಹೋಯಿತಲ್ಲ. ನಡಿ, ಹರಕೆ ತೀರಿಸುವ."

"ಹೋದದ್ದು ಒಂದು ಜಾತಿ" ಎಂದೆ. "ಅಕ್ಕಿಕಾಳಿನದ್ದು ಹಾಗೇ ಉಂಟು. ಅದು ಬೇರೆ ವೈರಸ್. ಜೀನೇ ಬೇರೆ."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮದುವೆಯಾದಂದಿನಿಂದ ಬಾಯಿ ಬಿಡದವನು ಈಗ ಜೀನು ಮಾತಾಡ್ತೀಯಾ? ದೈವಕ್ಕೆ ಜೀನು ಗೊತ್ತುಂಟಾ?"

"ದೈವಕ್ಕೆ ಗೊತ್ತಿಲ್ಲದ್ದು ಉಂಟಾ?"

ಅಕ್ಕ ಸಿಟ್ಟಿನಲ್ಲಿ ಹಿಡಿಸೂಡಿ ಎತ್ತಿಕೊಂಡು, ನನ್ನನ್ನೂ ರಿಕ್ಷಾಕ್ಕೆ ಹತ್ತಿಸಿಕೊಂಡು ದೈವಸ್ಥಾನಕ್ಕೆ ಹೊರಟಳು. ಅಲ್ಲಿನ ಆಡಳಿತ ನೋಡುವ ಮುಕ್ತೇಸರರು ವಯಸ್ಸಾದವರು. ಅಕ್ಕ ವಾದ ಮಂಡಿಸಿದಳು, ನಾನು ಡಾಕ್ಟರಮ್ಮನ ಫೋನಿನ ವಿಷಯ ಹೇಳಿದೆ. ರಿಕ್ಷಾದವನೂ ಬಂದು ನಿಂತು ಕೇಳಿದ. ಮುಕ್ತೇಸರರು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದರು.

"ಜಾತಿ ಎಷ್ಟಾದರೂ ಇರಲಿ. ಹರಕೆ ಹೇಳಿದವರು ಯಾವ ಕೆಡುವನ್ನು ಮನಸ್ಸಿನಲ್ಲಿ ಇಟ್ಟು ಹೇಳಿದ್ದು? ಅವರನ್ನು ಕೇಳಿ."

ಹರಕೆ ಹೇಳಿದವಳು ಈಗಿಲ್ಲ ಎಂಬ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನು ನೆಲ ನೋಡಿದೆ. ಅಕ್ಕ ಹಿಡಿಸೂಡಿಯ ಕಟ್ಟಿನ ಮೇಲೆ ಬೆರಳಾಡಿಸುತ್ತ ನಿಂತಳು. ನನ್ನ ಹೆಂಡತಿ ಅದನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದಳೆಂದರೆ ಒಂದು ಕಡ್ಡಿಯೂ ಅಲ್ಲಾಡುತ್ತಿರಲಿಲ್ಲ.

"ಅರ್ಧ ಕೆಲಸ ಅವಳು ಯಾವತ್ತೂ ಮಾಡಿದವಳಲ್ಲ" ಎಂದಳು ಕೊನೆಗೆ. "ಎಲ್ಲ ಹೋಗಲಿ ಅಂತಲೇ ಹೇಳಿರ್ತಾಳೆ." ಆಮೇಲೆ ನನ್ನ ಕಡೆ ತಿರುಗಿ, "ಪಿಕಪ್ಪಿನವನಿಗೆ ಬೇಡ ಅಂತ ಫೋನ್ ಮಾಡು. ಬೈದರೆ ನೀನೇ ಬೈಸಿಕೊ" ಎಂದಳು.

ಅವನು ಬೈದ. ನಾನು ಬೈಸಿಕೊಂಡೆ. ದನ ಹಟ್ಟಿಯಲ್ಲೇ ಉಳಿಯಿತು. ಈಗ ಒದೆಯುವುದೂ ಕಡಿಮೆಯಾಗಿದೆ, ನನ್ನ ಕೈಗೂ ಸ್ವಲ್ಪ ಬುದ್ಧಿ ಬಂದಿದೆ. ಡಾಕ್ಟರಮ್ಮ ಆಗಾಗ ಫೋನ್ ಮಾಡಿ ಅಕ್ಕಿಕಾಳಿನದ್ದು ಹೋಯಿತೇ ಎಂದು ಕೇಳುತ್ತಾರೆ.

"ಇಲ್ಲ ಡಾಕ್ಟ್ರೇ, ಹಾಗೇ ಉಂಟು" ಎನ್ನುತ್ತೇನೆ.

"ಏನ್ ಸಾರ್, ಖುಷಿಯಾಗಿ ಹೇಳ್ತಿದೀರಲ್ಲ!" ಎಂದು ಅವರು ಮೊನ್ನೆ ನಕ್ಕರು.