ಮೀನಿನ ತೊಟ್ಟಿಗೆ ಮಾವನ ಮಣ್ಣು

ಸಾವಿನ ಮನೆಗೆ ಖಾಲಿ ಗೋಣಿಚೀಲ ಹಿಡಿದು ಹೋದವರನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಕಡೂರಿಗೆ ಬನ್ನಿ. ನಾನೇ ಇದ್ದೇನೆ.

ಶುರುವಾದದ್ದು ಅಕ್ವೇರಿಯಂನಿಂದ. (ಇದಕ್ಕಿಂತ ಕೆಟ್ಟ ಹುಚ್ಚುಗಳಿವೆ ಎಂದು ಹೆಂಡತಿ ಸುಮ್ಮನಿದ್ದಾಳೆ.) ಮೀನು ಸಾಕುವುದು ಸುಲಭ ಕಣ್ರೀ. ಗಾಜಿನ ತೊಟ್ಟಿಯೊಳಗೆ ಗಿಡ ಬೆಳೆಸುವುದಿದೆಯಲ್ಲ, ಅದು ಕಷ್ಟ. ಅಂಗಡಿಯವನು ಕೊಟ್ಟ ಬಣ್ಣದ ಕಲ್ಲು ಹಾಕಿದೆ. ಬೇರು ಹಿಡಿಯಲಿಲ್ಲ. ಬರೀ ಹೊಳೆಮರಳು ಹಾಕಿದೆ. ಎಲೆ ಹಳದಿಯಾಗಿ ಕರಗಿತು. ಹಿತ್ತಿಲ ಕೆಮ್ಮಣ್ಣು ಹಾಕಿದ ಮೇಲಂತೂ ಮೀನು ಎಲ್ಲಿದೆಯೆಂದು ಟಾರ್ಚ್ ಬಿಟ್ಟು ಹುಡುಕಬೇಕಾಯಿತು.

ಅಜ್ಜಂಪುರದಿಂದ ಬಂದಿದ್ದ ನನ್ನ ಸೋದರಮಾವ ಆ ರಾಡಿ ನೋಡಿ ಹೊಟ್ಟೆ ಹಿಡಿದು ನಕ್ಕರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಅವರೇ.

"ಲೇ, ನಮ್ಮೊಲದ ಎರೆಮಣ್ಣು ಹಾಕೋ. ಕೆಳಗೆ ಮಣ್ಣು, ಮೇಲೆ ದಪ್ಪ ಮರಳು. ನೀರೂ ಕದಡಲ್ಲ, ಗಿಡಾನೂ ಏಳ್ತದೆ. ಒಣಗ್ಸಿ ಇಟ್ಟಿರ್ತೀನಿ, ಹೇಳ್ಕಳ್ಸಿದಾಗ ಬಾ."

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿದ್ದೆ. ಅಜ್ಜಂಪುರದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಬಾಗಿಲಿನಿಂದಲೇ ಕೂಗಿದ: "ಸಾರ್, ನಿಮ್ಮಾವನ ಮನೆಯಿಂದ ಹೇಳ್ಕಳ್ಸಿದಾರೆ. ಸಾಯಂಕಾಲ ಮಣ್ಣಿಗೆ ಬರ್ಬೇಕಂತೆ!"

ನಮ್ಮ ಮನೆತನಗಳಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅದಕ್ಕೆ ಹೋಗುವುದನ್ನು 'ಮಣ್ಣಿಗೆ ಹೋಗುವುದು' ಎನ್ನುತ್ತಾರೆ. ಸಾವಿನ ಸುದ್ದಿ ನನಗೆ ಆಗಲೇ ಮುಟ್ಟಿದೆಯೆಂದು ಅವನ ಎಣಿಕೆ. ನನ್ನ ತಲೆಯಲ್ಲಿದ್ದದ್ದು ತೊಟ್ಟಿಯ ಮಣ್ಣು.

"ಅವಸರ ಏನಪ್ಪಾ? ನಾಳೆ ಹೋಗ್ತೀನಿ ಬಿಡು" ಎಂದೆ.

ಅವನು ನನ್ನನ್ನೇ ಒಂಥರಾ ನೋಡಿದ. ಬಸ್ಸು ಹೊರಟಿತು. ಆ ಸಾಯಂಕಾಲ ಅಲ್ಲಿ ಮಾವನನ್ನು ಗುಣಿಗೆ ಇಳಿಸುವ ಹೊತ್ತಿನಲ್ಲಿ ನಾನಿಲ್ಲಿ ಖುಷಿಯಾಗಿ ಮರಳು ತೊಳೆಯುತ್ತಿದ್ದೆ.

ಮಾರನೆಯ ದಿನ ಚೀಲ ಹಿಡಿದು ಹೋದರೆ ಜಗಲಿಯ ತುಂಬ ಜನ. ಎದೆನೋವೆಂದು ಕೂತ ಮಾವ ಮತ್ತೆ ಏಳಲಿಲ್ಲವಂತೆ. ಒಳಗೆ ಅತ್ತೆ ಗೋಡೆಗೆ ಒರಗಿದ್ದರು.

"ಈಗ ಬಂದ್ಯೇನೋ? ಕತ್ಲಾಗೋವರ್ಗೂ ತಡೆದ್ವಿ ಕಣೋ. ಒಂದಿಡಿ ಮಣ್ಣು ಕೊಡೋಕೂ ಬರ್ಲಿಲ್ವಲ್ಲೋ."

ಮಣ್ಣು ಮೀನಿಗೆ ಅಂದುಕೊಂಡೆ ಎನ್ನಲೇ? ನೆಲ ಬಾಯಿಬಿಡಬಾರದೇ ಅನ್ನಿಸಿತು. ಅದಕ್ಕಿಂತ ದೊಡ್ಡ ಸಂಕಟ ಬೇರೆ. ಆ ಮುಖವನ್ನು ಇನ್ನು ನೋಡುವಂತಿಲ್ಲ.

ಮನೆಯಲ್ಲಿ ಫೋನಿಲ್ಲದ ನಾವು ಹುಟ್ಟುಸಾವುಗಳನ್ನೆಲ್ಲ ಬಸ್ಸಿನವರ ಬಾಯಿಗೆ ಕೊಟ್ಟಿದ್ದೇವೆ. ಅದರ ಮೇಲೆ 'ಸತ್ತರು' ಎನ್ನಬಾರದು, ಅಶುಭ. ಸುತ್ತಿ ಬಳಸಿ ಹೇಳುವುದೇ ಮರ್ಯಾದೆ. ಆ ಒಂದು ಕೆಟ್ಟ ಮಾತನ್ನು ಯಾರಾದರೂ ನೆಟ್ಟಗೆ ಆಡಿದ್ದರೆ ನಾನು ಓಡಿ ಹೋಗುತ್ತಿದ್ದೆ.

ಹೊರಡುವಾಗ ಕಂಕುಳಲ್ಲಿ ಮಡಚಿಟ್ಟುಕೊಂಡಿದ್ದ ಚೀಲ ಅತ್ತೆಯ ಕಣ್ಣಿಗೆ ಬಿತ್ತು. ಬೈಯಲಿಲ್ಲ. ಕೊಟ್ಟಿಗೆಯ ಕಡೆ ಕೈ ತೋರಿಸಿದರು.

"ನಿಮ್ಮಾವ ಜರಡಿ ಹಿಡ್ದು ಇಟ್ಟಿದ್ರು. ತುಂಬ್ಕೊಂಡ್ ಹೋಗಪ್ಪಾ."

ಮಣ್ಣು ಕೊಡಬೇಕಾಗಿದ್ದವನು ನಾನು. ಕೊಟ್ಟವರು ಮಾವ.